ಪ್ರಸಾರ ಹಕ್ಕಿನ ಅರ್ಥವ್ಯವಸ್ಥೆ ಮತ್ತು ಕ್ರಿಕೆಟ್‌ನ ಕನ್ನಡ ವೀಕ್ಷಕ ವಿವರಣೆ

ಆಧುನಿಕ ಕ್ರೀಡೆಯನ್ನು ಕುರಿತ ಕನ್ನಡದ ಬರಹಗಳು ಬಹುಮಟ್ಟಿಗೆ ಆಟಗಾರರ ಸಾಧನೆಯನ್ನೋ ಪಂದ್ಯದ ವರದಿಯನ್ನೋ ಕೇಂದ್ರವಾಗಿಟ್ಟುಕೊಂಡಿವೆ. ಆಟವು ಒಂದು ಉದ್ಯಮವಾಗಿ ಹೇಗೆ ನಡೆಯುತ್ತದೆ, ಆ ಉದ್ಯಮದ ಲೆಕ್ಕಾಚಾರದಲ್ಲಿ ಭಾಷೆಗೆ ಯಾವ ಸ್ಥಾನವಿದೆ ಎಂಬ ಪ್ರಶ್ನೆಗಳು ನಮ್ಮ ಭಾಷಾಧ್ಯಯನದ ಚೌಕಟ್ಟಿನೊಳಗೆ ಬಂದದ್ದು ಕಡಿಮೆ. ಇಂಡಿಯನ್ ಪ್ರೀಮಿಯರ್ ಲೀಗ್‌ನ (ಐಪಿಎಲ್) ಪ್ರಸಾರ ಹಕ್ಕಿನ ವ್ಯವಹಾರವನ್ನು ವಿವರಿಸಿ, ಅದರೊಳಗೆ ಕನ್ನಡವು ಪಡೆದ ಸ್ಥಾನವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡ ವೀಕ್ಷಕ ವಿವರಣೆಯು ಇಂದು ಲಕ್ಷಾಂತರ ಜನರ ಕಿವಿಗೆ ಬೀಳುತ್ತಿರುವುದಕ್ಕೆ ಮುಖ್ಯ ಕಾರಣ, ಹಕ್ಕಿಗಾಗಿ ತೆತ್ತ ಹಣವನ್ನು ಮರಳಿ ಪಡೆಯಬೇಕಾದ ಒತ್ತಡ ಎಂಬುದು ಇಲ್ಲಿನ ವಾದ.

ಹಕ್ಕು ಸರಕಾದ ಬಗೆ

ಪಂದ್ಯದ ಪ್ರಸಾರವು ಮಾರಾಟದ ವಸ್ತು ಎಂಬ ಕಲ್ಪನೆ ಭಾರತದಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ. 1993ರ ನವೆಂಬರ್‌ನಲ್ಲಿ ನಡೆದ ಹೀರೋ ಕಪ್ ಪಂದ್ಯಾವಳಿಯ ಸಂದರ್ಭದಲ್ಲಿ, ಪಂದ್ಯಗಳನ್ನು ತೋರಿಸಬೇಕಾದರೆ ಪ್ರತಿ ಪಂದ್ಯಕ್ಕೆ 5 ಲಕ್ಷ ರೂಪಾಯಿಯನ್ನು ಬಂಗಾಳ ಕ್ರಿಕೆಟ್ ಸಂಸ್ಥೆಯೇ ಕೊಡಬೇಕೆಂದು ದೂರದರ್ಶನ ಕೇಳಿತ್ತು. ಸಂಸ್ಥೆಯಾದರೋ ವಿದೇಶಿ ನಿರ್ಮಾಣ ಸಂಸ್ಥೆಯೊಂದಕ್ಕೆ ಹಕ್ಕನ್ನು ಮಾರಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1995ರ ಫೆಬ್ರವರಿಯಲ್ಲಿ ಹೊರಬಿದ್ದ ತೀರ್ಪು, ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದು ಸ್ಪಷ್ಟಪಡಿಸಿತು. ಪ್ರಭುತ್ವದ ಏಕಸ್ವಾಮ್ಯ ಸಡಿಲಗೊಂಡ ಈ ಗಳಿಗೆಯಲ್ಲಿಯೇ ಖಾಸಗಿ ಮಾರುಕಟ್ಟೆಗೆ ದಾರಿ ತೆರೆಯಿತು. ತರಂಗ ಸಾರ್ವಜನಿಕವಾಗಿ ಉಳಿದರೂ ಅದರ ಮೇಲೆ ಹರಿಯುವ ಪಂದ್ಯ ಖಾಸಗಿ ಸರಕಾಯಿತು.

2008ರಲ್ಲಿ ಆರಂಭವಾದ ಐಪಿಎಲ್ ಈ ಸರಕಿಗೆ ಹೊಸ ರೂಪ ನೀಡಿತು. ಎಂಟು ನಗರಗಳನ್ನು ನೆಲೆಯಾಗಿಸಿಕೊಂಡ ತಂಡಗಳನ್ನು ಹರಾಜು ಹಾಕಲಾಯಿತು. ಬೆಂಗಳೂರಿನ ತಂಡ 11.16 ಕೋಟಿ ಡಾಲರಿಗೆ ಮಾರಾಟವಾಯಿತು. ಇಲ್ಲಿನ ಕಾರ್ಯತಂತ್ರದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಆಟಗಾರರ ಖರೀದಿಗೆ ಎಲ್ಲ ತಂಡಗಳಿಗೂ ವಿಧಿಸಿದ ಸಮಾನ ವೆಚ್ಚಮಿತಿ. 2025ರ ಆವೃತ್ತಿಗೆ ಇದು 120 ಕೋಟಿ ರೂಪಾಯಿ. ಶ್ರೀಮಂತ ಮಾಲೀಕನೊಬ್ಬ ಎಲ್ಲ ಶ್ರೇಷ್ಠರನ್ನೂ ಕೊಂಡುಬಿಟ್ಟರೆ ಫಲಿತಾಂಶ ಮೊದಲೇ ತಿಳಿದುಹೋಗುತ್ತದೆ, ಪ್ರೇಕ್ಷಕ ಎದ್ದುಹೋಗುತ್ತಾನೆ. ಆದ್ದರಿಂದ ಅನಿಶ್ಚಿತತೆಯನ್ನು ನಿಯಮದ ಮೂಲಕವೇ ಕಾಪಾಡಲಾಗಿದೆ. ಎರಡನೆಯದು, ಆಟದ ಲಯವನ್ನು ಜಾಹೀರಾತಿಗೆ ಹೊಂದಿಸಿದ ಬಗೆ. 2009ರಲ್ಲಿ ಪ್ರತಿ ಇನಿಂಗ್ಸ್‌ನ ನಡುವೆ ಏಳೂವರೆ ನಿಮಿಷಗಳ ‘ಸ್ಟ್ರಾಟೆಜಿಕ್ ಟೈಮ್‌ಔಟ್’ ಬಂತು. ಅನಂತರ ಅದನ್ನು ಎರಡೂವರೆ ನಿಮಿಷಗಳ ವಿರಾಮಗಳಾಗಿ ಒಡೆಯಲಾಯಿತು. ಹೆಸರು ತಂತ್ರಗಾರಿಕೆಯದಾದರೂ ಆ ನಿಮಿಷಗಳು ಜಾಹೀರಾತಿಗೂ ಒದಗುತ್ತವೆ.

ಭಾಷೆಯ ಲೆಕ್ಕಾಚಾರ

ಹಕ್ಕಿನ ಬೆಲೆ ಏರಿದ ಪ್ರಮಾಣವನ್ನು ನೋಡಿದರೆ ಭಾಷೆಯ ಪ್ರಶ್ನೆ ಸ್ಪಷ್ಟವಾಗುತ್ತದೆ. 2008ರಲ್ಲಿ ಹತ್ತು ವರ್ಷಗಳ ಹಕ್ಕಿಗೆ ನಿಗದಿಯಾದದ್ದು ನೂರು ಕೋಟಿ ಡಾಲರಿಗಿಂತ ತುಸು ಹೆಚ್ಚು. 2018ರಿಂದ 2022ರವರೆಗಿನ ಐದು ವರ್ಷಗಳಿಗೆ ಸ್ಟಾರ್ ಇಂಡಿಯಾ 16,347.5 ಕೋಟಿ ರೂಪಾಯಿ ತೆತ್ತಿತು. 2023ರಿಂದ 2027ರವರೆಗಿನ 410 ಪಂದ್ಯಗಳ ಹಕ್ಕು 2022ರ ಜೂನ್‌ನಲ್ಲಿ ಒಟ್ಟು 48,390 ಕೋಟಿಗೆ ಹರಾಜಾಯಿತು; ಅಂದರೆ ಪಂದ್ಯವೊಂದಕ್ಕೆ ಸುಮಾರು 118 ಕೋಟಿ. ದೂರದರ್ಶಕ ಮತ್ತು ಅಂತರಜಾಲದ ಹಕ್ಕುಗಳನ್ನು ಬೇರೆಬೇರೆಯಾಗಿ ಮಾರಿದ್ದು ಈ ಹರಾಜಿನ ವಿಶೇಷ.

ಇಷ್ಟು ಹಣ ತೆತ್ತವರು ಅದನ್ನು ಇಂಗ್ಲಿಷ್ ಮತ್ತು ಹಿಂದಿ ಪ್ರೇಕ್ಷಕರಿಂದಷ್ಟೇ ಮರಳಿ ಪಡೆಯುವುದು ಕಷ್ಟ. ದೃಶ್ಯ ಒಂದೇ, ಅದರ ಮೇಲೆ ಮತ್ತೊಂದು ಭಾಷೆಯ ಧ್ವನಿಯನ್ನು ಕೂಡಿಸಲು ತಗಲುವ ವೆಚ್ಚ ಹಕ್ಕಿನ ಬೆಲೆಯೆದುರು ಅತ್ಯಲ್ಪ. ಹಾಗೆ ಕೂಡಿಸಿದ ಧ್ವನಿಯಿಂದ ಹೊಸ ಪ್ರೇಕ್ಷಕರು ದೊರೆಯುತ್ತಾರೆ. ರಾಜ್ಯದೊಳಗಷ್ಟೇ ವ್ಯಾಪಾರವಿರುವ ಜಾಹೀರಾತುದಾರರೂ ದೊರೆಯುತ್ತಾರೆ. 2018ರ ಆವೃತ್ತಿ ಕನ್ನಡವೂ ಸೇರಿದಂತೆ ಆರು ಭಾಷೆಗಳಲ್ಲಿ ಪ್ರಸಾರವಾಯಿತು. 2023ರಲ್ಲಿ ಜಿಯೊಸಿನಿಮಾ ಹನ್ನೆರಡು ಭಾಷೆಗಳಲ್ಲಿ ಪಂದ್ಯಗಳನ್ನು ಶುಲ್ಕವಿಲ್ಲದೆ ಬಿತ್ತರಿಸಿತು. ಅವುಗಳಲ್ಲಿ ಭೋಜಪುರಿಯೂ ಇತ್ತು. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಸ್ಥಾನ ಪಡೆಯದ ಭಾಷೆಯೊಂದು ಮಾರುಕಟ್ಟೆಯ ಪಟ್ಟಿಯಲ್ಲಿ ಸ್ಥಾನ ಪಡೆದದ್ದು ಅರ್ಥಪೂರ್ಣ. ಪ್ರಭುತ್ವ ಭಾಷೆಗಳನ್ನು ಮಾನ್ಯಮಾಡುವ ಕ್ರಮವೇ ಬೇರೆ, ಮಾರುಕಟ್ಟೆ ಮಾನ್ಯಮಾಡುವ ಕ್ರಮವೇ ಬೇರೆ.

ತಂಡದ ಹೆಸರೂ ಇದೇ ತರ್ಕವನ್ನು ಸೂಚಿಸುತ್ತದೆ. 2014ರ ನವೆಂಬರ್ 1ರಂದು ನಗರದ ಹೆಸರು ಅಧಿಕೃತವಾಗಿ ‘ಬೆಂಗಳೂರು’ ಆಯಿತು. ತಂಡ ಮಾತ್ರ ‘ಬ್ಯಾಂಗಲೋರ್’ ಆಗಿಯೇ ಉಳಿದು 2024ರ ಮಾರ್ಚ್‌ನಲ್ಲಿ ಹೆಸರು ಬದಲಿಸಿಕೊಂಡಿತು. ಸರ್ಕಾರಿ ಆದೇಶಕ್ಕೂ ಈ ಬದಲಾವಣೆಗೂ ನಡುವಿನ ಸುಮಾರು ಹತ್ತು ವರ್ಷಗಳಲ್ಲಿ ಕನ್ನಡದ ಅಭಿಮಾನವು ವ್ಯಾಪಾರದ ಮೌಲ್ಯವಾಗಿ ಬೆಳೆದಿತ್ತು.

ವಿವರಣೆಯ ಕನ್ನಡ

ಭಾಷಾಧ್ಯಯನಕಾರರಿಗೆ ಹೆಚ್ಚು ಪ್ರಸ್ತುತವಾದ ಪ್ರಶ್ನೆ, ಇಲ್ಲಿ ರೂಪುಗೊಳ್ಳುತ್ತಿರುವ ಕನ್ನಡ ಎಂಥದು ಎಂಬುದು. ಕನ್ನಡ ಪತ್ರಿಕೆಗಳು ಕ್ರಿಕೆಟ್‌ಗಾಗಿ ತಮ್ಮದೇ ಪದಕೋಶವನ್ನು ಕಟ್ಟಿಕೊಂಡಿದ್ದವು. ದಾಂಡಿಗ, ಹುದ್ದರಿ, ಓಟ ಮುಂತಾದ ಪದಗಳೂ ‘ಧೂಳೀಪಟ’, ‘ಜಯಭೇರಿ’ಗಳಂಥ ಯುದ್ಧವರ್ಣನೆಯ ಪದಗಳೂ ಅದರಲ್ಲಿದ್ದವು. ಇದು ಆಟ ಮುಗಿದ ಮೇಲೆ ಬರೆದ, ಭೂತಕಾಲದ ಭಾಷೆ. ವೀಕ್ಷಕ ವಿವರಣೆಯದು ವರ್ತಮಾನದ ಭಾಷೆ. ಚೆಂಡು ಬೌಲರನ ಕೈಬಿಟ್ಟು ದಾಂಡಿಗೆ ತಾಗುವಷ್ಟರಲ್ಲಿ ವಾಕ್ಯ ಮುಗಿಯಬೇಕು. ಆದ್ದರಿಂದ ಇಲ್ಲಿ ಕ್ರಿಯಾಪದಗಳು ಆಡುಮಾತಿನಂತೆ ಸಂಕ್ಷೇಪಗೊಳ್ಳುತ್ತವೆ. ಇಂಗ್ಲಿಷ್ ನಾಮಪದಕ್ಕೆ ‘ಮಾಡು’, ‘ಆಗು’, ‘ಹೊಡೆ’, ‘ತೆಗೆದುಕೊಳ್ಳು’ ಸೇರಿ ಕ್ರಿಯೆಗಳು ರಚನೆಯಾಗುತ್ತವೆ. ಪತ್ರಿಕೆಗಳ ‘ಹುದ್ದರಿ’ ಈ ಭಾಷೆಗೆ ದಾಟಿ ಬರಲಿಲ್ಲ. ಜೊತೆಗೆ ವಿವರಣಕಾರರು ಬಹುಮಟ್ಟಿಗೆ ಮೈದಾನದಿಂದ ದೂರದ ಸ್ಟುಡಿಯೊದಲ್ಲಿ ಪರದೆಯನ್ನು ನೋಡುತ್ತಾ ಮಾತನಾಡುತ್ತಾರೆ. ಎಲ್ಲ ಭಾಷೆಗಳಿಗೂ ಸಮಾನವಾದ ದೃಶ್ಯವನ್ನು ಹಿಂಬಾಲಿಸುವ ಈ ಕನ್ನಡಕ್ಕೆ ಏನನ್ನು ನೋಡಬೇಕೆಂಬ ಆಯ್ಕೆಯಿಲ್ಲ, ನೋಡಿದ್ದನ್ನು ಹೇಗೆ ಹೇಳಬೇಕೆಂಬ ಆಯ್ಕೆಯಷ್ಟೇ ಇದೆ.

ಇದನ್ನು ಭಾಷೆಯ ಕೆಡುಕೆಂದು ತಳ್ಳಿಹಾಕುವುದೂ ಕನ್ನಡದ ವಿಜಯವೆಂದು ಸಂಭ್ರಮಿಸುವುದೂ ಅವಸರದ ನಿಲುವುಗಳೇ. ಲೆಕ್ಕಾಚಾರದಿಂದ ದೊರೆತ ಸ್ಥಾನ ಲೆಕ್ಕಾಚಾರ ಬದಲಾದಾಗ ಕೈತಪ್ಪಲೂಬಹುದು. ಪ್ರಸಾರ ಭಾರತಿಯೊಡನೆ ಕ್ರೀಡಾ ಪ್ರಸಾರವನ್ನು ಹಂಚಿಕೊಳ್ಳಬೇಕೆಂದು ವಿಧಿಸಿದ 2007ರ ಕಾಯಿದೆಯ ಕಾಳಜಿ ದೃಶ್ಯಸಂಕೇತವನ್ನು ಕುರಿತದ್ದು. ಅದು ಪ್ರಾದೇಶಿಕ ಭಾಷೆಯ ವಿವರಣೆಗೆ ರಕ್ಷಣೆ ಒದಗಿಸುವಂಥದಲ್ಲ. ಇದಕ್ಕಿಂತ ತುರ್ತಿನ ಸಂಗತಿ ದಾಖಲೆಯದು. ವಿವರಣೆಯ ಧ್ವನಿಮುದ್ರಿಕೆಗಳು ಹಕ್ಕುದಾರರ ಸ್ವತ್ತು. ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ, ಸಾವಿರಾರು ಗಂಟೆಗಳ ಈ ಆಡುಗನ್ನಡ ಸಂಶೋಧಕರ ಕೈಗೆ ಸಿಗುತ್ತದೆಂಬ ಭರವಸೆಯಿಲ್ಲ.

ಕಾನೂನು ಇಲ್ಲಿ ನಮಗೆ ಅಡ್ಡಿಯಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 39ನೆಯ ಕಲಮು, ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗಾಗಿಯೇ ಮಾಡಿಕೊಳ್ಳುವ ಪ್ರಸಾರದ ಧ್ವನಿಮುದ್ರಣವನ್ನು ಹಕ್ಕಿನ ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. ಜಾನಪದ ಸಂಗ್ರಹಕ್ಕಾಗಿ ಧ್ವನಿಮುದ್ರಕ ಹೊತ್ತು ಊರೂರು ಅಲೆದ ಪರಂಪರೆ ನಮ್ಮ ಕನ್ನಡ ವಿಭಾಗಗಳಿಗಿದೆ. ಪ್ರತಿ ಆವೃತ್ತಿಯ ಹತ್ತು ಪಂದ್ಯಗಳನ್ನಾದರೂ ಮುದ್ರಿಸಿ, ಲಿಪ್ಯಂತರಿಸಿ, ಕ್ರಿಯಾಪದ ಮತ್ತು ಪದಕೋಶಗಳ ದೃಷ್ಟಿಯಿಂದ ವಿಂಗಡಿಸಿಡುವುದು ಒಂದು ವಿಭಾಗದ ಶಕ್ತಿಗೆ ಮೀರಿದ ಕೆಲಸವಲ್ಲ. ಮಾರುಕಟ್ಟೆ ತನ್ನ ಅಗತ್ಯಕ್ಕಾಗಿ ಬೆಳೆಸಿದ ಈ ಕನ್ನಡ, ಮಾರುಕಟ್ಟೆ ಕೈಬಿಟ್ಟ ಮೇಲೆಯೂ ಅಧ್ಯಯನಕ್ಕೆ ಉಳಿದಿರಬೇಕಾದರೆ ಆ ಕೆಲಸ ಈಗಲೇ ಆರಂಭವಾಗಬೇಕು.