ಬಟ್, ಪುಟ್ ಮತ್ತು ಷಾ ಹೇಳದ ಮೀನು

ಬಿ-ಯು-ಟಿ ‘ಬಟ್’, ಪಿ-ಯು-ಟಿ ಮಾತ್ರ ‘ಪುಟ್’. ಈ ಹಳೇ ಜೋಕಿಗೆ ಹಾಸ್ಯಸಂಜೆಯಲ್ಲಿ ಚಪ್ಪಾಳೆ ಬಿದ್ದರೆ ನನ್ನ ತಕರಾರಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲೂ ಇದನ್ನೇ ಸಿದ್ಧಾಂತದಂತೆ ಒಪ್ಪಿಸುತ್ತಾರಲ್ಲ, ಅಲ್ಲಿ ಮೈ ಉರಿಯುತ್ತದೆ. ‘ಇಂಗ್ಲಿಷ್ ಸ್ಪೆಲಿಂಗಿಗೆ ತಲೆಬುಡ ಇಲ್ಲ ಸಾರ್, ಬಾಯಿಪಾಠ ಮಾಡಿಸೋದೊಂದೇ ದಾರಿ’ ಎಂದು ತೀರ್ಪು ಕೊಟ್ಟರೆ ಮುಗಿಯಿತು. ಸಂಜೆ ಮಕ್ಕಳು ಕೂತು ‘ಬೇಬೀಸ್’ ಹತ್ತು ಸಲ, ‘ಲೇಡೀಸ್’ ಹತ್ತು ಸಲ, ‘ಸಿಟೀಸ್’ ಹತ್ತು ಸಲ ಬರೆಯುತ್ತವೆ. ಮೂರಕ್ಕೂ ನಿಯಮ ಒಂದೇ ಎಂದು ಅವಕ್ಕೆ ಯಾರೂ ಹೇಳಿರುವುದಿಲ್ಲ.

ಈ ನಂಬಿಕೆಗೆ ವಾಟ್ಸಾಪಿನಲ್ಲಿ ಒಂದು ಪ್ರಮಾಣಪತ್ರವೂ ಓಡಾಡುತ್ತಿದೆ. ಜಿ-ಎಚ್-ಒ-ಟಿ-ಐ ಎಂದು ಬರೆದು ‘ಫಿಶ್’ ಎಂದು ಓದಬಹುದಂತೆ. ‘ಇನಫ್’ ಪದದ ಜಿ-ಎಚ್, ‘ವಿಮೆನ್’ ಪದದ ಒ, ‘ನೇಷನ್’ ಪದದ ಟಿ-ಐ ಸೇರಿದರೆ ಮೀನು ಸಿದ್ಧ. ಕೆಳಗೆ ಬರ್ನಾರ್ಡ್ ಷಾ ಅವರ ಗಡ್ಡದ ಫೋಟೊ. ಪಾಪ, ಷಾ ಸ್ಪೆಲಿಂಗ್ ಸುಧಾರಣೆಗೆ ಹಟ ಹಿಡಿದದ್ದು ನಿಜ. ಅದಕ್ಕಾಗಿ ಉಯಿಲಿನಲ್ಲಿ ಹಣವನ್ನೂ ಇಟ್ಟರು. ಆದರೆ ಈ ಮೀನು ಅವರದಲ್ಲ. 1855ರ ಡಿಸೆಂಬರಿನ ಒಂದು ಪತ್ರದಲ್ಲೇ ಇದು ಸಿಗುತ್ತದೆ. ಷಾ ಹುಟ್ಟಿದ್ದು 1856ರ ಜುಲೈಯಲ್ಲಿ.

ಯಾರು ಹೇಳಿದರೆಂಬುದು ಹಾಗಿರಲಿ, ಹೇಳಿದ್ದಾದರೂ ಸರಿಯೇ? ಪದದ ಮೊದಲಲ್ಲಿ ಬರುವ ಜಿ-ಎಚ್ ಇಂಗ್ಲಿಷಿನಲ್ಲಿ ಎಂದೂ ‘ಫ’ ಆಗುವುದಿಲ್ಲ. ‘ಘೋಸ್ಟ್’ ಎಂಬ ಪದವನ್ನು ಯಾರಾದರೂ ‘ಫೋಸ್ಟ್’ ಎಂದದ್ದುಂಟೇ? ಟಿ-ಐ ‘ಶ’ ಆಗಬೇಕಾದರೆ ಮುಂದೆ ಇನ್ನೊಂದು ಸ್ವರಾಕ್ಷರ ಇರಲೇಬೇಕು. ಪದದ ಕೊನೆಯಲ್ಲಿ ಅದು ಆಗದು. ಹಾಗಾಗಿ ಇದನ್ನು ಯಾವ ಇಂಗ್ಲಿಷ್ ಓದುಗನೂ ‘ಘೋಟಿ’ ಎಂದಲ್ಲದೆ ಬೇರೆ ರೀತಿ ಓದುವುದಿಲ್ಲ. ನಿಯಮವೇ ಇಲ್ಲವೆಂದು ಸಾಧಿಸಲು ಹೊರಟ ಉದಾಹರಣೆ ನಿಯಮ ಇರುವುದರಿಂದಲೇ ಕುಸಿದು ಬೀಳುತ್ತದೆ.

‘ಪುಟ್’ ಕೂಡ ಅನಾಥ ಪದವಲ್ಲ. ಪುಲ್, ಪುಶ್, ಫುಲ್, ಬುಲ್, ಬುಶ್ ಎಲ್ಲವೂ ಅದರ ನೆಂಟರೇ. 17ನೇ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನವರ ಬಾಯಲ್ಲಿ ಹಳೆಯ ‘ಉ’ ಸ್ವರ ‘ಅ’ ಕಡೆಗೆ ಜಾರಿತು. ತುಟಿ ಕೂಡಿಸಿ ಹೇಳುವ ವ್ಯಂಜನಗಳ ಪಕ್ಕದಲ್ಲಿ ಮಾತ್ರ ಹಲವು ಪದಗಳು ಹಳೆಯ ಉಚ್ಚಾರಣೆಯನ್ನೇ ಹಿಡಿದುಕೊಂಡವು. ‘ಬಟ್’ ಹಿಡಿದುಕೊಳ್ಳಲಿಲ್ಲ, ಅಷ್ಟೆ. ಉತ್ತರ ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಅದು ಇವತ್ತಿಗೂ ‘ಬುಟ್’ಗೆ ಹತ್ತಿರವಾಗಿಯೇ ಇದೆ. ಅಲ್ಲಿ ನಮ್ಮ ಜೋಕಿಗೆ ಯಾರೂ ನಗುವುದಿಲ್ಲ.

ಅಪವಾದಗಳಿಲ್ಲ ಎನ್ನುತ್ತಿಲ್ಲ. 1966ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಾಲ್ ಹ್ಯಾನಾ ಮತ್ತು ಸಂಗಡಿಗರು 17,000ಕ್ಕೂ ಹೆಚ್ಚು ಪದಗಳನ್ನು ಕಂಪ್ಯೂಟರಿಗೆ ಕೊಟ್ಟು, ಬರೀ ಧ್ವನಿಯ ನಿಯಮಗಳಿಂದ ಎಷ್ಟರ ಸ್ಪೆಲಿಂಗ್ ಸರಿಯಾಗಿ ಬರುತ್ತದೆಂದು ನೋಡಿದರು. ಸುಮಾರು ಅರ್ಧ ಬಂದವು. ಅರ್ಧವೇ ಎಂದು ಮೂಗು ಮುರಿಯುವ ಮೊದಲು ಯೋಚಿಸಿ: ಆ ಯಂತ್ರಕ್ಕೆ ಪದದ ಅರ್ಥವೂ ಗೊತ್ತಿರಲಿಲ್ಲ, ಮೂಲವೂ ಗೊತ್ತಿರಲಿಲ್ಲ. ನಮ್ಮ ಮಕ್ಕಳಿಗೆ ಅವೆರಡನ್ನೂ ಹೇಳಿಕೊಡಬಹುದು. ಅದರಲ್ಲೂ ಪ್ರಾಥಮಿಕ ತರಗತಿಗಳಲ್ಲಿ ಕಲಿಸುವ ಬಹುವಚನ, ಪದದ ಹಿಂದೆ ಸೇರುವ ಉಪಸರ್ಗ, ಮುಂದೆ ಸೇರುವ ಪ್ರತ್ಯಯ, ಇವು ಇಂಗ್ಲಿಷಿನಲ್ಲಿ ತೀರಾ ಶಿಸ್ತಿನ ಭಾಗ. ದೊಂಬಿ ನಡೆಯುತ್ತಿರುವುದು ಬೇರೆ ಬೀದಿಯಲ್ಲಿ. ನಾವು ಈ ಬೀದಿಗೂ ಕರ್ಫ್ಯೂ ಹಾಕಿ ಕೂತಿದ್ದೇವೆ.

ಬಸ್, ಬಾಕ್ಸ್, ಬ್ರಶ್, ಬೆಂಚ್ ಪದಗಳಿಗೆ ಬರೀ ಎಸ್ ಸಾಲದು, ಇ-ಎಸ್ ಬೇಕು. ಯಾಕೆ? ‘ಬಸ್‌ಸ್’ ಎಂದು ಹೇಳಿ ನೋಡಿ, ನಾಲಿಗೆಯೇ ಉತ್ತರ ಕೊಡುತ್ತದೆ. ಬುಸುಗುಡುವ ಧ್ವನಿಯ ಮೇಲೆ ಇನ್ನೊಂದು ಬುಸುಗುಡುವ ಧ್ವನಿ ಕೂರುವುದಿಲ್ಲ, ನಡುವೆ ಸ್ವರ ಬೇಕು. ಗೈಡುಗಳು ಮಾತ್ರ ‘ಸಿ-ಎಚ್ ಇದ್ದರೆ ಇ-ಎಸ್’ ಎಂದು ಅಕ್ಷರ ತೋರಿಸಿ ಕೈ ತೊಳೆದುಕೊಳ್ಳುತ್ತವೆ. ಆಮೇಲೆ ‘ಸ್ಟಮಕ್’ ಬಂದಾಗ ಮೇಷ್ಟರು ಗಾಬರಿಯಾಗುತ್ತಾರೆ: ಕೊನೆಯಲ್ಲಿ ಸಿ-ಎಚ್ ಇದೆ, ಬಹುವಚನಕ್ಕೆ ಬರೀ ಎಸ್! ಗಾಬರಿ ಯಾಕೆ? ಅಲ್ಲಿ ಸಿ-ಎಚ್ ನುಡಿಯುವುದು ‘ಕ’ ಎಂದು. ನಿಯಮ ಇದ್ದದ್ದು ಧ್ವನಿಗೆ, ಅಕ್ಷರಕ್ಕಲ್ಲ.

ಇನ್ನು ಪ್ರತ್ಯಯ. ‘ಹ್ಯಾಪಿ’ಗೆ ‘ನೆಸ್’ ಸೇರಿದಾಗ ವೈ ಹೋಗಿ ಐ ಬರುತ್ತದೆ. ‘ಹೋಪ್’ಗೆ ‘ಇಂಗ್’ ಸೇರಿದಾಗ ಕೊನೆಯ ಇ ಬಿದ್ದುಹೋಗುತ್ತದೆ. ಕುಂಟುವ ‘ಹಾಪ್’ಗೆ ‘ಇಂಗ್’ ಸೇರಿದಾಗ ಇನ್ನೊಂದು ಪಿ ಬಂದು ನಿಲ್ಲುತ್ತದೆ, ಇಲ್ಲದಿದ್ದರೆ ಕುಂಟುವವನು ‘ಹೋಪಿಂಗ್’ ಮಾಡಿಬಿಡುತ್ತಾನೆ. ಒಂದು ಆದೇಶ, ಒಂದು ಲೋಪ, ಒಂದು ಆಗಮ. ಮಳೆಗಾಲ, ಊರಲ್ಲಿ, ಮನೆಯಿಂದ ಎಂದು ಕನ್ನಡ ಮೇಷ್ಟರು ಕಲಿಸುವ ಸಂಧಿಕಾರ್ಯಗಳಲ್ಲೂ ಇವೇ ಮೂರು. ಪಕ್ಕದ ಪಿರಿಯಡ್ಡಿನಲ್ಲಿ ಇಂಗ್ಲಿಷ್ ಮೇಷ್ಟರು ಅದನ್ನೇ ‘ಲೂಸು ಭಾಷೆ’ ಎಂದು ನಗುತ್ತಿರುತ್ತಾರೆ. ಉಪಸರ್ಗ ಇನ್ನೂ ಸುಲಭ: ಮೂಲ ಪದ ಕದಲುವುದೇ ಇಲ್ಲ. ‘ಮಿಸ್’ ಮತ್ತು ‘ಸ್ಪೆಲ್’ ಸೇರಿದರೆ ಎರಡು ಎಸ್, ‘ಡಿಸ್’ ಮತ್ತು ‘ಅಪಿಯರ್’ ಸೇರಿದರೆ ಒಂದೇ ಎಸ್. ಕೂಡಿಸುವ ಲೆಕ್ಕ ಬಂದರೆ ಸಾಕು. ‘ಇನ್’ ಹೋಗಿ ‘ಲೀಗಲ್’ ಹಿಂದೆ ‘ಇಲ್’ ಆಯಿತೆಂದು ಯಾರಾದರೂ ಹುಬ್ಬೇರಿಸಿದರೆ, ‘ಉತ್’ ಮತ್ತು ‘ಲೇಖ’ ಸೇರಿ ‘ಉಲ್ಲೇಖ’ ಹೇಗಾಯಿತೆಂದು ಕೇಳಿ.

ಉಳಿದ ಮೂಢನಂಬಿಕೆಗಳಿಗೆ ಒಂದೊಂದು ವಾಕ್ಯ ಸಾಕು. ಸಿ ನಂತರ ಮಾತ್ರ ಇ-ಐ, ಬೇರೆಡೆ ಐ-ಇ ಎಂಬ ಪದ್ಯದಂಥ ಸೂತ್ರ ‘ಪಾಲಿಸೀಸ್’ ಎಂಬ ಸಾದಾ ಬಹುವಚನದಲ್ಲೇ ಮುರಿಯುತ್ತದೆ. ಇದನ್ನು ಕಲಿಸುವ ಅಗತ್ಯವಿಲ್ಲವೆಂದು ಬ್ರಿಟನ್ ಸರ್ಕಾರದ ಮಾರ್ಗದರ್ಶಿಯೇ 2009ರಲ್ಲಿ ಹೇಳಿತು. ಒ ಇದ್ದಲ್ಲೆಲ್ಲ ಇ-ಎಸ್ ಎಂಬುದೂ ಸುಳ್ಳು, ಪೊಟ್ಯಾಟೊಗೆ ಬೇಕು, ಫೋಟೊಗೆ ಬೇಡ. ‘ಟ್ರಾವೆಲರ್’ಗೆ ಒಂದೇ ಎಲ್ ಎಂದು ಮೊಬೈಲ್ ಕೆಂಪುಗೆರೆ ಎಳೆದರೆ ಅದು ಅಮೆರಿಕದ ಪದ್ಧತಿ, ಮಗುವಿನ ತಪ್ಪಲ್ಲ. ಬಹುವಚನಕ್ಕೆ ಮೇಲೊಂದು ಕೊಕ್ಕೆ ಹಾಕುವ ಹೋಟೆಲ್ ಬೋರ್ಡುಗಳ ಬಗ್ಗೆ ನಾನು ಮಾತಾಡುವುದಿಲ್ಲ, ಬಿಪಿ ಏರುತ್ತದೆ.

‘ನುಡಿದಂತೆ ಬರೆಯಬೇಕು, ನಮ್ಮ ಕನ್ನಡದ ಹಾಗೆ’ ಎಂಬ ಆಸೆಯೂ ಅರ್ಧ ಮಾತ್ರ ಸರಿ. ‘ಕ್ಯಾಟ್ಸ್’ ಕೊನೆಯಲ್ಲಿ ಕೇಳುವುದು ‘ಸ್’, ‘ಡಾಗ್ಸ್’ ಕೊನೆಯಲ್ಲಿ ಕೇಳುವುದು ‘ಝ್’, ಬರೆಯುವುದು ಎರಡಕ್ಕೂ ಎಸ್. ಧ್ವನಿ ಬದಲಾದರೂ ‘ಒಂದಕ್ಕಿಂತ ಹೆಚ್ಚು’ ಎಂಬ ಅರ್ಥದ ಗುರುತು ಕಣ್ಣಿಗೆ ಒಂದೇ. ‘ಸೈನ್’ ಪದದಲ್ಲಿ ಮಾತಾಡದ ಜಿ ಯಾಕಿದೆ ಎಂದರೆ ‘ಸಿಗ್ನೇಚರ್’ನಲ್ಲಿ ಅದು ಬಾಯಿ ಬಿಡುತ್ತದೆ. ಕನ್ನಡದಲ್ಲಿ ಎಲ್ಲ ನುಡಿದಂತೆಯೇ ಬರೆಯುತ್ತೇವೆ ಎನ್ನುವವರು, ನಮ್ಮ ಮಕ್ಕಳ ಉಕ್ತಲೇಖನದಲ್ಲಿ ಮಹಾಪ್ರಾಣಗಳ ಗತಿ ಏನಾಗಿದೆ ಎಂದು ಒಮ್ಮೆ ನೋಡಲಿ.

ನನಗೆ ಆಶ್ಚರ್ಯವೆನಿಸುವುದು ನಮ್ಮ ಉತ್ಸಾಹ. ಷಾ ಫೋಟೊ ಇದ್ದರೆ ಷಾ ಮಾತು, ಐನ್‌ಸ್ಟೈನ್ ಫೋಟೊ ಇದ್ದರೆ ಐನ್‌ಸ್ಟೈನ್ ಮಾತು. ಓದಿದವರು, ಬಿಎಡ್ ಮಾಡಿದವರು, ಒಂದು ಕ್ಷಣ ನಿಲ್ಲದೆ ಫಾರ್ವರ್ಡ್ ಒತ್ತುತ್ತಾರೆ. ಯಾಕೆಂದರೆ ಈ ಸುಳ್ಳಿನಿಂದ ಲಾಭವಿದೆ: ಭಾಷೆಗೇ ತಲೆ ಕೆಟ್ಟಿದೆ ಎಂದಮೇಲೆ ಕಲಿಸುವವರ ಮೇಲೆ ಹೊಣೆ ಬರುವುದಿಲ್ಲ. ಮಗು ತಪ್ಪು ಬರೆದರೆ ಮಗುವಿನ ನೆನಪಿನ ಶಕ್ತಿಯದೇ ದೋಷ.

ಮಕ್ಕಳ ತಲೆ ಪದಗಳ ಗೋದಾಮಲ್ಲ ಎಂದು ತೋರಿಸಿಕೊಟ್ಟು ಆರು ದಶಕ ದಾಟಿತು. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ ಹಕ್ಕಿಯಂಥ ಒಂದು ಚಿತ್ರ ಬರೆದು, ಇದು ‘ವಗ್’, ಈಗ ಇವು ಎರಡಿವೆ, ಏನಂತೀರಿ ಎಂದು ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳನ್ನು ಕೇಳಿದರು. ಹಾಗೊಂದು ಪದವೇ ಲೋಕದಲ್ಲಿ ಇರಲಿಲ್ಲ. ಬಹುಪಾಲು ಮಕ್ಕಳು ‘ವಗ್ಸ್’ ಎಂದವು. ಇ-ಎಸ್ ಬೇಕಾಗುವಂಥ ಹುಸಿಪದಗಳಲ್ಲಿ ಮಾತ್ರ ಅವೂ ತಡವರಿಸಿದವು. ಹಾಗಾಗಿ ಮನೆಮಾತು ಬೇರೆಯಿರುವ ನಮ್ಮ ಮಕ್ಕಳಿಗೆ ಅಲ್ಲೇ ಸ್ವಲ್ಪ ಹೆಚ್ಚು ಹೊತ್ತು ನಿಂತು ಕಲಿಸಬೇಕು. ಮೇಷ್ಟ್ರೇ, ಮೇಡಂ, ನಾಳೆ ಇಂಪೋಸಿಷನ್ ಕೊಡುವ ಬದಲು ‘ಟಾಶ್’, ‘ಬಿಕ್ಸ್’ ಅಂತ ಇಲ್ಲದ ಎರಡು ಪದ ಬೋರ್ಡಿನ ಮೇಲೆ ಬರೆದು ಅವುಗಳ ಬಹುವಚನ ಕೇಳಿ. ಸರಿ ಬರೆದ ಮಗುವಿಗೆ ನಿಯಮ ಬಂದಿದೆ. ತಪ್ಪಿದ ಮಗುವಿಗೆ ಅದನ್ನು ಇನ್ನೊಮ್ಮೆ ಹೇಳಿಕೊಡಿ.