ಒಂದೇ ಪುಸ್ತಕ, ಎರಡು ನುಡಿ

ಮೈಸೂರಿನ ನಜರ್‌ಬಾದಿನಲ್ಲಿರುವ ವಸಂತಮಹಲ್ ಅರಸರ ಕಾಲದ ಕಟ್ಟಡ. ಈಗ ಅಲ್ಲಿರುವುದು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಮೇಷ್ಟ್ರುಗಳ ಬಾಯಲ್ಲಿ ಬರೀ ‘ಡಯಟ್’. ಅಲ್ಲಿಗೆ ತರಬೇತಿಗೆ ಬರುವ, ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಪಾಠ ಹೇಳಿಕೊಂಡು ಬಂದ ಎಷ್ಟೋ ಶಿಕ್ಷಕರಿಗೆ ಇಂಗ್ಲಿಷಿನಲ್ಲಿ ಗಣಿತ ಕಲಿಸುವ ಹೊಣೆ ಬಿದ್ದದ್ದು 2019-20ರಲ್ಲಿ. ಆ ವರ್ಷ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು.

ಇಂಗ್ಲಿಷ್ ಶಾಲೆ ಈ ಊರಿಗೆ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲೇ ರಾಜಾ ಫ್ರೀ ಸ್ಕೂಲ್ ತೆರೆದಿದ್ದರು. ಮಹಾರಾಜ ಕಾಲೇಜಿನ ಬೇರು ಅದೇ. ಆದರೆ ಸರ್ಕಾರಿ ಕನ್ನಡ ಶಾಲೆಯ ಮಕ್ಕಳು ಬಹುಕಾಲ ಎಬಿಸಿಡಿ ತಿದ್ದಲು ಐದನೇ ತರಗತಿವರೆಗೆ ಕಾಯಬೇಕಿತ್ತು. 2007-08ರಿಂದ ಇಂಗ್ಲಿಷ್ ಒಂದನೇ ತರಗತಿಗೇ ಒಂದು ಭಾಷೆಯಾಗಿ ಬಂತು. ಭಾಷೆಯಾಗಿ ಕಲಿಯುವುದು ಬೇರೆ, ಅದರಲ್ಲೇ ಲೆಕ್ಕ, ವಿಜ್ಞಾನ ಕಲಿಯುವುದು ಬೇರೆ.

ಇಂಗ್ಲಿಷ್ ವಿಭಾಗದ ಮಕ್ಕಳಿಗಾಗಿ ಬಂದಿರುವ ದ್ವಿಭಾಷಾ ಪಠ್ಯಪುಸ್ತಕವನ್ನು ಪೋಷಕರು ಒಮ್ಮೆ ತೆರೆದು ನೋಡಬೇಕು. ಗಣಿತ, ಪರಿಸರ ಅಧ್ಯಯನದ ಪಾಠ ಒಂದೇ ಪುಸ್ತಕದಲ್ಲಿ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಗಿಡದ ಭಾಗಗಳ ಪಾಠವನ್ನೇ ತೆಗೆದುಕೊಳ್ಳಿ. ಪಳಗಿದ ಮಿಸ್ ಮೊದಲು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಒಂದು ತುಂಬೆ ಗಿಡ ಕೀಳಿಸುತ್ತಾರೆ. ಬೇರಿನ ಮಣ್ಣು ಕೊಡವಿ, ನೀರು ಕುಡಿಯುವುದು ಯಾವ ಕಡೆಯಿಂದ, ಎಲೆ ಕಿತ್ತರೆ ಗಿಡಕ್ಕೆ ಏನಾಗುತ್ತದೆ ಎಂಬ ಮಾತೆಲ್ಲ ಕನ್ನಡದಲ್ಲೇ ಆಗುತ್ತದೆ. ಆಮೇಲೆ ಗಿಡವನ್ನು ಹಲಗೆಗೆ ಅಂಟಿಸಿ ರೂಟ್, ಸ್ಟೆಮ್, ಲೀಫ್ ಎಂದು ಬರೆಯುತ್ತಾರೆ. ವಿಷಯ ತಲೆಗೆ ಹೋದಮೇಲೆ ಬಂದ ಹೆಸರು ಅಲ್ಲೇ ನಿಲ್ಲುತ್ತದೆ. ಹೆಸರನ್ನೇ ಮೊದಲು ಉರು ಹೊಡೆಸಿದರೆ ಪರೀಕ್ಷೆ ಮುಗಿದ ವಾರಕ್ಕೆ ಎರಡೂ ಮರೆತುಹೋಗುತ್ತವೆ.

ಮೈಸೂರಿನ ಮಂಡಿ ಮೊಹಲ್ಲಾ, ಉದಯಗಿರಿಯ ಕಡೆ ಈ ಕೆಲಸ ಇನ್ನೂ ಸೂಕ್ಷ್ಮ. ಅಲ್ಲಿ ಅನೇಕ ಮಕ್ಕಳ ಮನೆಮಾತು ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಮೂರು ನುಡಿಗಳ ನಡುವೆ ಓಡಾಡುವ ಮಗುವನ್ನು ದಡ್ಡ ಎನ್ನುವುದು ಅನ್ಯಾಯ. ಕನ್ನಡದ ಪುಟವೂ ಅಂಥ ಮಗುವಿಗೆ ಎರಡನೆಯ ನುಡಿಯೇ. ಆದ್ದರಿಂದ ಅಲ್ಲಿ ಉರ್ದು ಬಲ್ಲ ಶಿಕ್ಷಕಿ ಇರಲೇಬೇಕು.

ಮಾತನಾಡುವ ಭಾಷೆ ಬೇಗ ಬರುತ್ತದೆ, ಪಾಠದ ಭಾಷೆಗೆ ಕಾಲ ಬೇಕು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ವಲಸೆ ಬಂದ ಮಕ್ಕಳನ್ನು ಗಮನಿಸಿ, ದಿನಬಳಕೆಯ ಇಂಗ್ಲಿಷಿಗೆ ಸುಮಾರು ಎರಡು ವರ್ಷ ಸಾಕು, ಪಾಠದ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು ಎಂದರು. ಸುತ್ತಲೂ ಇಂಗ್ಲಿಷೇ ಇರುವ ದೇಶದ ಲೆಕ್ಕ ಅದು. ಮನೆಗೆ ಹೋದರೆ ಇಂಗ್ಲಿಷ್ ಕಿವಿಗೇ ಬೀಳದ ನಮ್ಮ ಮಕ್ಕಳಿಂದ ಒಂದೇ ವರ್ಷದಲ್ಲಿ ಎಲ್ಲವನ್ನೂ ನಿರೀಕ್ಷಿಸುವುದು ತಪ್ಪು.

ಎರಡು ನುಡಿಯಲ್ಲಿ ಕಲಿಸುವ ಕೆಲಸಕ್ಕೆ ಮೈಸೂರಿನಷ್ಟು ಒದಗಿಬರುವ ಊರು ಕಡಿಮೆ. ಮಾನಸಗಂಗೋತ್ರಿಯ ಬಳಿ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಶಿಕ್ಷಕರಾಗುವವರು ಪಾಠ ಹೇಳಿ ಪಳಗಲು ಅದರ ಆವರಣದಲ್ಲೇ ಒಂದು ಶಾಲೆಯೂ ಇದೆ. ಅಲ್ಲೇ ಹತ್ತಿರದಲ್ಲಿ ಭಾರತೀಯ ಭಾಷಾ ಸಂಸ್ಥಾನ, 1969ರದು. ಅದರ ಮೊದಲ ನಿರ್ದೇಶಕ ಡಿ.ಪಿ. ಪಟ್ನಾಯಕ್ ಮನೆಮಾತಿನ ಮೇಲೆ ಉಳಿದ ಭಾಷೆಗಳನ್ನು ಕಟ್ಟಬೇಕೆಂದು ವಾದಿಸುತ್ತಲೇ ಬಂದವರು. ಕಾರ್ಡು, ಆಟ, ಹಾಡಿನ ಮೂಲಕ ಕಲಿಸುವ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಶುರುವಾದದ್ದು ಇದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಈ ಅನುಭವವೆಲ್ಲ ಮೊಹಲ್ಲಾಗಳ ಶಾಲೆಗೆ ಇನ್ನೂ ಧಾರಾಳವಾಗಿ ಹರಿಯಬೇಕು. ಕೆಲವು ದಿನಗಳ ತರಬೇತಿ ಕೊಟ್ಟು ಶಿಕ್ಷಕರನ್ನು ಒಂಟಿಯಾಗಿ ಬಿಟ್ಟರೆ ಸಾಲದು. ವರ್ಷವಿಡೀ ತರಗತಿಗೆ ಬಂದು ಜೊತೆಗೆ ಕೂತು ತಿದ್ದುವವರು ಬೇಕು.

2019ರಲ್ಲಿ ಇಂಗ್ಲಿಷ್ ವಿಭಾಗದ ಒಂದನೇ ತರಗತಿಗೆ ಸೇರಿದ ಮಕ್ಕಳು ಎಲ್ಲೂ ನಿಲ್ಲದೆ ಓದಿದರೆ 2029ರಲ್ಲಿ ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ಹೈಸ್ಕೂಲಿನಲ್ಲಿ ಪಾಠ ದಪ್ಪವಾಗುತ್ತದೆ, ಒಂದೊಂದು ವಿಷಯಕ್ಕೂ ಬೇರೆ ಶಿಕ್ಷಕರು ಬರುತ್ತಾರೆ. ವಿಜ್ಞಾನ, ಸಮಾಜ ಪಾಠಗಳಲ್ಲಿ ಈ ಮಕ್ಕಳಿಗೆ ಕನ್ನಡದ ಪುಟ ಹೆಚ್ಚು ಬೇಕಾಗುವುದು ಆಗಲೇ. ಹತ್ತನೆಯ ತರಗತಿವರೆಗೂ ಅವರ ಚೀಲದಲ್ಲಿ ಎರಡು ನುಡಿಯ ಪುಸ್ತಕ ಇರುವಂತೆ ಇಲಾಖೆ ನೋಡಿಕೊಳ್ಳಬೇಕು.