ಮಿಲ್ಲರ್ಸ್ ರಸ್ತೆಯ ಗುರುಮನೆ

ಬೆಂಗಳೂರಿನ ದಂಡು ರೈಲು ನಿಲ್ದಾಣಕ್ಕೆ ಹೆಚ್ಚು ದೂರವಿಲ್ಲದ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ದಿನವೂ ಆ ದಾರಿಯಲ್ಲಿ ಓಡಾಡುವವರಲ್ಲಿ ಎಷ್ಟೋ ಜನ ಅದರ ಗೇಟು ದಾಟಿ ಒಳಗೆ ಹೋದವರಲ್ಲ. ಅಲ್ಲಿ ನಡೆಯುವುದು ಕ್ರೈಸ್ತ ಸಭೆಗಳಿಗೆ ಸಭಾಪಾಲಕರನ್ನೂ ದೈವಶಾಸ್ತ್ರದ ಅಧ್ಯಾಪಕರನ್ನೂ ತಯಾರು ಮಾಡುವ ಕೆಲಸ.

1910ರಲ್ಲಿ ಹಲವು ಮಿಷನ್‌ಗಳು ಕೂಡಿ ಇದನ್ನು ಕಟ್ಟಿದವು. ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರಲ್ಲಿ. ಅಂದರೆ ಸಭೆಗಳು ಒಂದಾಗುವುದಕ್ಕೆ 37 ವರ್ಷ ಮೊದಲೇ ಅವುಗಳ ಹುಡುಗರು ಇಲ್ಲಿ ಜೊತೆಯಾಗಿ ಓದತೊಡಗಿದ್ದರು. ಮೊದಲ ಪ್ರಿನ್ಸಿಪಾಲರು ಡೆನ್ಮಾರ್ಕಿನ ಎಲ್. ಪಿ. ಲಾರ್ಸನ್, ತಮಿಳು ಬೈಬಲ್ಲಿನ ಪರಿಷ್ಕರಣೆಗೆ ದುಡಿದ ವಿದ್ವಾಂಸರು.

ಇಂಥ ಕಾಲೇಜು ನಡೆಸುವುದು ಸುಲಭವಲ್ಲ. ಪದವಿ ಕೊಡುವುದು 1818ರಲ್ಲಿ ಬಂಗಾಳದಲ್ಲಿ ಶುರುವಾದ ಸೆರಾಂಪುರ ಕಾಲೇಜಿನ ಸೆನೆಟ್. ಅದಕ್ಕೆ ಪಾಂಡಿತ್ಯ ಬೇಕು. ಗ್ರೀಕ್, ಹೀಬ್ರೂ, ಸಭಾಚರಿತ್ರೆ ಎಲ್ಲ ಬೇಕು. ವಿದ್ಯಾರ್ಥಿಯನ್ನು ಕಳಿಸಿದ ಸಭೆಗೆ ಬೇಕಾದವನೇ ಬೇರೆ: ಮದುವೆ ಮಾಡಿಸಬೇಕು, ಸಾವಿನ ಮನೆಯಲ್ಲಿ ಕೂರಬೇಕು, ಜಗಳವಾಡಿದ ಅಣ್ಣತಮ್ಮಂದಿರನ್ನು ಕೂಡಿಸಬೇಕು. ಪ್ರಿನ್ಸಿಪಾಲರಾದವರು ಇಬ್ಬರಿಗೂ ಉತ್ತರ ಹೇಳಬೇಕು.

ಆ ಭಾರವನ್ನು ಹೆಚ್ಚು ಕಾಲ ಹೊತ್ತವರು ಜೆ. ರಸಲ್ ಚಂದ್ರನ್. 1954ರಲ್ಲಿ ಮೊದಲ ಭಾರತೀಯ ಪ್ರಿನ್ಸಿಪಾಲರಾಗಿ ಬಂದವರು 1983ರವರೆಗೆ ಇದ್ದರು. ಪಶ್ಚಿಮದಲ್ಲಿ ಬರೆದ ದೈವಶಾಸ್ತ್ರವನ್ನು ಉರುಹೊಡೆದರೆ ಸಾಲದು, ಬಡತನ ಮತ್ತು ಹಲವು ಧರ್ಮಗಳ ನಡುವಿನ ಬದುಕಿನಿಂದಲೇ ಇಲ್ಲಿಯ ಪ್ರಶ್ನೆಗಳು ಏಳಬೇಕು ಎಂಬುದು ಅವರ ನಿಲುವು. 1960ರ ದಶಕದಲ್ಲಿ ಇಲ್ಲಿ ಸಭಾಚರಿತ್ರೆ ಕಲಿಸುತ್ತಿದ್ದ ಕಾಯ್ ಬಾಗೊ, ಮಿಷನರಿಗಳ ಕಥೆ ಬಿಟ್ಟು ಈ ನೆಲದ ಕ್ರೈಸ್ತರ ಪ್ರಯತ್ನಗಳನ್ನು ಹುಡುಕಿ ಬರೆದರು. 1976ರಲ್ಲಿ ತೃತೀಯ ಜಗತ್ತಿನ ದೈವಶಾಸ್ತ್ರಜ್ಞರು ಸಂಘ ಕಟ್ಟಿಕೊಂಡಾಗ ಚಂದ್ರನ್ ಅದರ ಮೊದಲ ಅಧ್ಯಕ್ಷರಾದರು. ಏನನ್ನು ಕಲಿಸಬೇಕೆಂದು ನಿರ್ಧರಿಸಿ ಮೂರು ದಶಕ ಅದಕ್ಕೇ ಅಂಟಿಕೊಂಡು ನಿಂತದ್ದು ನನಗೆ ಅವರ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಕಟ್ಟಡಗಳನ್ನು ಯಾರಾದರೂ ಕಟ್ಟಿಸಬಹುದು.

ಈಗ ಸೆಮಿನರಿಗಳಲ್ಲೂ ಕಾರ್ಯಯೋಜನೆ, ಮೌಲ್ಯಮಾಪನಗಳ ಮಾತು ಜೋರಾಗಿದೆ. ಆಗಲಿ. ಆದರೆ ಪದವಿ ಪಡೆದು ಹೋದವರು ಹತ್ತು ವರ್ಷದ ಮೇಲೆ ಹಳ್ಳಿಯ ಸಭೆಯಲ್ಲಿ ಹೇಗಿದ್ದಾರೆ, ಇನ್ನೂ ಓದುತ್ತಿದ್ದಾರೆಯೇ, ಜನ ಅವರನ್ನು ನಂಬುತ್ತಾರೆಯೇ? ಇದನ್ನು ಕೇಳದ ಮೌಲ್ಯಮಾಪನದಿಂದ ಪ್ರಯೋಜನ ಕಡಿಮೆ.

ಭಾಷೆಯ ಮಾತೂ ಇದೆ. ಮಿಲ್ಲರ್ಸ್ ರಸ್ತೆಯ ಪಾಠ ಇಂಗ್ಲಿಷಿನಲ್ಲಿ, ನಮ್ಮ ಹಳ್ಳಿಗಳ ಪ್ರಸಂಗ ಕನ್ನಡದಲ್ಲಿ. ನಡುವಿನ ಕಂದರಕ್ಕೆ ಸೇತುವೆಯಾಗಿ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಕನ್ನಡದಲ್ಲಿ ಕಲಿಸುತ್ತ ಬಂದಿದೆ. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿ ಮತ್ತು ತುಮಕೂರಿನ ಸೆಮಿನರಿ ಸೇರಿ 1965ರಲ್ಲಿ ಆದ ಕಾಲೇಜು ಅದು. ಎರಡೂ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ಕೋರಿಕೆ: ಮುಂದಿನ ಯೋಜನೆ ಬರೆಯುವಾಗ ಕನ್ನಡದಲ್ಲಿ ದೈವಶಾಸ್ತ್ರದ ಪುಸ್ತಕ ಬರೆಯಿಸುವುದಕ್ಕೆ ಹಣವನ್ನೂ ಬರೆಯುವವರಿಗೆ ಬಿಡುವನ್ನೂ ಎತ್ತಿಡಿ.